ಚಾನೆಲ್ ಕೆಲಸ ಬಿಟ್ಟು ಫ್ರೀಲಾನ್ಸ್ ನಿರೂಪಕಿ ಆಗಬಹುದಾ?

ಪ್ರಶ್ನೆ: ಸರ್, ನನ್ನ ಊರು ದಾವಣಗೆರೆ, ವಯಸ್ಸು 31. ಬೆಂಗಳೂರಿನ ಒಂದು ಕನ್ನಡ ನ್ಯೂಸ್ ಚಾನೆಲ್‌ನಲ್ಲಿ ನಾಲ್ಕೂವರೆ ವರ್ಷದಿಂದ ಆ್ಯಂಕರ್ ಆಗಿದ್ದೇನೆ. ಬೆಳಗಿನ ಬುಲೆಟಿನ್ ಓದುತ್ತೇನೆ, ವಾರಕ್ಕೊಮ್ಮೆ ಆರೋಗ್ಯದ ಫೋನ್-ಇನ್ ಕಾರ್ಯಕ್ರಮ ನಡೆಸುತ್ತೇನೆ. ಕೈಗೆ 52 ಸಾವಿರ ಬರುತ್ತದೆ, ಬೇಸಿಕ್ 26 ಸಾವಿರ. ಈಗ ಒಂದು ಪ್ರೊಡಕ್ಷನ್ ಹೌಸ್‌ನವರು ಮನರಂಜನಾ ಚಾನೆಲ್ ಒಂದರ ಅಡುಗೆ ಶೋ ನಡೆಸಿಕೊಡಲು ಕರೆದಿದ್ದಾರೆ. ವಾರಕ್ಕೊಂದರಂತೆ 26 ಎಪಿಸೋಡ್, ಎಪಿಸೋಡ್‌ಗೆ 6 ಸಾವಿರ. ಹೊರಗಿನ ಈವೆಂಟ್‌ಗಳಿಗೂ ಕರೆ ಬರುತ್ತದೆ, ಆದರೆ ಆಫೀಸಿನಲ್ಲಿ ಒಪ್ಪುವುದಿಲ್ಲ. ಅಮ್ಮ ನನ್ನ ಜೊತೆಗಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. ಕಾರಿನ ಇಎಂಐ ಸೇರಿ ತಿಂಗಳ ಖರ್ಚು 40 ಸಾವಿರ. ಉಳಿತಾಯ ಎರಡೂವರೆ ಲಕ್ಷ. ನೋಟಿಸ್ ಪೀರಿಯಡ್ 60 ದಿನ. ಈ ತಿಂಗಳ ಕೊನೆಯೊಳಗೆ ಪ್ರೊಡಕ್ಷನ್ ಹೌಸ್‌ಗೆ ಉತ್ತರ ಹೇಳಬೇಕು. ಕೆಲಸ ಬಿಡಲಾ?

ಉತ್ತರ: ಬಿಡಿ. ಆದರೆ ಈ ತಿಂಗಳು ಬೇಡ. ಈ ಅಡುಗೆ ಶೋ ಒಂದನ್ನೇ ನಂಬಿಕೊಂಡು ಖಂಡಿತ ಬೇಡ. ಇನ್ನೊಂದು ಆರು ತಿಂಗಳು ತಡೆಯಿರಿ. ಯಾಕೆ ಆರು ತಿಂಗಳು ಅನ್ನೋದನ್ನು ಲೆಕ್ಕ ಸಮೇತ ಹೇಳುತ್ತೇನೆ.

ಚಾನೆಲ್‌ಗಳಲ್ಲಿ ಪ್ರೋಗ್ರಾಂ ಪ್ರೊಡ್ಯೂಸರ್ ಆಗಿ ನಾನು ತುಂಬಾ ವರ್ಷ ಕೆಲಸ ಮಾಡಿದ್ದೇನೆ. ನಿರೂಪಕರನ್ನು ಆರಿಸುವುದು, ಅವರಿಗೆ ಪೇಮೆಂಟ್ ಬರೆಯುವುದು ಎರಡೂ ನನ್ನ ಮೇಜಿನಿಂದಲೇ ಆಗುತ್ತಿತ್ತು. ಹಾಗಾಗಿ ಮೇಜಿನ ಆ ಕಡೆ ಕೂತವರು ಏನು ಯೋಚಿಸುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು.

ಮೊದಲು ನಿಮಗೆ ಬಂದಿರುವ ಆಫರ್ ನೋಡೋಣ. 26 ಎಪಿಸೋಡ್ ಅಂದ ಕೂಡಲೇ ಆರು ತಿಂಗಳ ಕೆಲಸ ಸಿಕ್ಕಿತು ಅನಿಸುತ್ತದೆ. ಅಡುಗೆ ಶೋ ಹಾಗೆ ಶೂಟ್ ಆಗುವುದಿಲ್ಲ. ಒಂದು ಕಾಲ್‌ಶೀಟ್‌ನಲ್ಲಿ, ಅಂದರೆ ಒಂದು ದಿನದ ಶೂಟಿಂಗ್‌ನಲ್ಲಿ, ಮೂರೋ ನಾಲ್ಕೋ ಎಪಿಸೋಡ್ ಮುಗಿಸುತ್ತಾರೆ. ಅಡುಗೆ ಸೆಟ್, ಲೈಟು, ಮೂರು ಕ್ಯಾಮೆರಾ, ಒಬ್ಬ ಶೆಫ್, ಪಾತ್ರೆ ತೊಳೆಯುವವರು ಎಲ್ಲರಿಗೂ ದಿನದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಹಾಗಾಗಿ ದಿನ ಕಡಿಮೆ ಮಾಡುವುದೇ ನಿರ್ಮಾಪಕರ ಮೊದಲ ಚಿಂತೆ. ದಿನಕ್ಕೆ ನಾಲ್ಕು ಎಪಿಸೋಡ್ ಅಂತ ಹಿಡಿದರೆ ನಿಮ್ಮ ಇಡೀ ಶೋ ಏಳು ದಿನದಲ್ಲಿ ಮುಗಿಯುತ್ತದೆ. ದಿನಕ್ಕೆ ನಾಲ್ಕು ಸೀರೆ, ನಾಲ್ಕು ಸಲ ಕೂದಲು ಬದಲಾವಣೆ. ಬೆಳಿಗ್ಗೆ ಏಳಕ್ಕೆ ಮೇಕಪ್‌ಗೆ ಕೂತರೆ ಪ್ಯಾಕಪ್ ರಾತ್ರಿ ಹತ್ತಕ್ಕೆ.

ದುಡ್ಡಿನ ಲೆಕ್ಕ ಹಾಕಿ. 6 ಸಾವಿರ ಗುಣಿಸು 26 ಅಂದರೆ 1,56,000 ರೂಪಾಯಿ. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 26 ಸಾವಿರ. ಈಗಿನ ಸಂಬಳದ ಸರಿ ಅರ್ಧ. ಏಳು ದಿನದ ದುಡಿಮೆಗೆ ಒಂದೂವರೆ ಲಕ್ಷ ಒಳ್ಳೆಯ ಸಂಪಾದನೆಯೇ, ಬೇಡ ಅನ್ನುವಂಥದ್ದಲ್ಲ. ಆದರೆ ಉಳಿದ ದಿನಗಳಿಗೆ ಕೆಲಸ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಇನ್ನೂ ಉತ್ತರ ಇಲ್ಲ.

ಆಫರ್‌ನಲ್ಲಿ ಇನ್ನೂ ಎರಡು ವಿಷಯ ಕೇಳಿ ತಿಳಿದುಕೊಳ್ಳಬೇಕು. ಒಂದು, ದುಡ್ಡು ಶೂಟ್ ಆದ ಮೇಲೆ ಕೊಡುತ್ತಾರೋ ಟೆಲಿಕಾಸ್ಟ್ ಆದ ಮೇಲೋ? ಎಷ್ಟೋ ಕಡೆ ಟೆಲಿಕಾಸ್ಟ್ ಆದ ಮೇಲೆ 45 ದಿನ, 60 ದಿನ ಅಂತ ಇರುತ್ತದೆ. ಜೂನ್‌ನಲ್ಲಿ ಶೂಟ್ ಆಗಿ ಸೆಪ್ಟೆಂಬರ್‌ನಲ್ಲಿ ಪ್ರಸಾರ ಶುರುವಾದರೆ ಮೊದಲ ಚೆಕ್ ಬರುವಾಗ ದೀಪಾವಳಿ ಕಳೆದಿರುತ್ತದೆ. ಇನ್ನೊಂದು, ಅರ್ಧಕ್ಕೆ ನಿಂತರೆ ಏನು? ಅಡುಗೆ ಶೋ ನಡೆಯುವುದು ಎಣ್ಣೆ, ಮಸಾಲೆ, ಕುಕ್ಕರ್ ಕಂಪನಿಗಳ ಪ್ರಾಯೋಜಕತ್ವದ ಮೇಲೆ. ಪ್ರಾಯೋಜಕರು ಕೈಬಿಟ್ಟರೆ, ಗುರುವಾರ ಬರುವ ಟಿಆರ್‌ಪಿ ನಾಲ್ಕು ವಾರ ಸತತ ಇಳಿದರೆ, 13ಕ್ಕೇ ನಿಲ್ಲಿಸುತ್ತಾರೆ. ಶೂಟ್ ಆದ ಎಲ್ಲ ಎಪಿಸೋಡ್‌ಗೂ, ಪ್ರಸಾರ ಆಗಲಿ ಬಿಡಲಿ, ದುಡ್ಡು ಕೊಡುತ್ತೇವೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. ಕೇಳಿದವರನ್ನು ಯಾರೂ ಕೆಟ್ಟವರು ಅಂದುಕೊಳ್ಳುವುದಿಲ್ಲ, ಇವರಿಗೆ ವ್ಯವಹಾರ ಗೊತ್ತು ಅಂದುಕೊಳ್ಳುತ್ತಾರೆ.

ಇನ್ನು ಸಂಬಳ. 52 ಸಾವಿರ ಅನ್ನುವುದು ನಿಮ್ಮ ಕೈಗೆ ಬರುವುದು ಮಾತ್ರ. ಕಂಪನಿ ಬೇಸಿಕ್‌ನ 12% ಪಿಎಫ್ ಕಟ್ಟುತ್ತಿದ್ದರೆ ಅದು 3,120. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಇಡಿಗಂಟು, ತಿಂಗಳಿಗೆ 1,250ರಷ್ಟು ಬೆಳೆಯುತ್ತಿದೆ. ನಿಮಗೂ ಅಮ್ಮನಿಗೂ ಇರುವ ಆರೋಗ್ಯ ವಿಮೆಯನ್ನು ಹೊರಗೆ ಕೊಂಡರೆ ಎಷ್ಟಾಗುತ್ತದೆ ಅಂತ ವಿಚಾರಿಸಿ ಸೇರಿಸಿಕೊಳ್ಳಿ. ಸಂಬಳ ಸಹಿತ ರಜೆ ಇದೆ. ಮೇಕಪ್ ಮಾಡುವವರು, ಕಾಸ್ಟ್ಯೂಮ್, ಬೆಳಗಿನ ಜಾವದ ಪಿಕಪ್ ಕ್ಯಾಬ್ ಎಲ್ಲ ಅವರದ್ದೇ. ಹೊರಗೆ ಬಂದ ಮೇಲೆ ಇವೆಲ್ಲ ನಿಮ್ಮ ಖರ್ಚು. ನನ್ನ ಅಂದಾಜಿನಲ್ಲಿ ತಿಂಗಳಿಗೆ ಸರಾಸರಿ 75 ಸಾವಿರದಷ್ಟು ಬಿಲ್ ಮಾಡಿದರೆ ನೀವು ಈಗಿರುವ ಜಾಗದಲ್ಲೇ ಇರುತ್ತೀರಿ. ವರ್ಷಕ್ಕೆ 9 ಲಕ್ಷ. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾವ ಆಫರ್ ಬಂದರೂ ಅದರ ಪಕ್ಕ ಇಟ್ಟು ನೋಡಿ.

ಈಗ ಆರು ತಿಂಗಳ ವಿಷಯ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಒಂದೇ ಕಡೆ 5 ವರ್ಷ ಸತತ ಸೇವೆ ಆಗಬೇಕು. ಲೆಕ್ಕ ಸುಲಭ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ ಬೇಸಿಕ್ 26 ಸಾವಿರ ಇರುವುದರಿಂದ ವರ್ಷಕ್ಕೆ 15 ಸಾವಿರ, ಐದು ವರ್ಷಕ್ಕೆ 75 ಸಾವಿರ. ಈಗಲೇ ಎದ್ದು ಬಂದರೆ ಅಷ್ಟೂ ಹೋಗುವ ಸಾಧ್ಯತೆ ಇದೆ. ನಿಗದಿತ ಅವಧಿಯ ಕಾಂಟ್ರಾಕ್ಟ್‌ನಲ್ಲಿ ಇರುವವರಿಗೆ, ಪತ್ರಕರ್ತರಿಗೆ ಬೇರೆ ನಿಯಮ ಅನ್ವಯಿಸುವುದೂ ಉಂಟು. ನಿಮ್ಮ ಹುದ್ದೆ ಯಾವುದರಲ್ಲಿ ಬರುತ್ತದೆ ಅಂತ ಎಚ್‌ಆರ್‌ಗೆ ಮೇಲ್ ಹಾಕಿ, ಉತ್ತರವನ್ನೂ ಮೇಲ್‌ನಲ್ಲೇ ಪಡೆಯಿರಿ. ಲೆಕ್ಕಕ್ಕೆ ಬರುವುದು ರಾಜೀನಾಮೆ ಕೊಟ್ಟ ದಿನವಲ್ಲ, ಕೆಲಸದ ಕೊನೆಯ ದಿನ. ಹಾಗಾಗಿ ನೋಟಿಸ್‌ನ 60 ದಿನವೂ ಸೇವೆಯೇ. ನಾಲ್ಕೂವರೆ ತಿಂಗಳು ಬಿಟ್ಟು ರಾಜೀನಾಮೆ ಕೊಟ್ಟರೆ ಕೊನೆಯ ದಿನ ಐದು ವರ್ಷ ದಾಟಿರುತ್ತದೆ. ನೋಟಿಸ್‌ಗೆ ರಜೆ ಹೊಂದಿಸಿ ಬೇಗ ಹೊರಡುತ್ತೇನೆ ಅಂತ ಮಾತ್ರ ಆತುರ ಪಡಬೇಡಿ.

ಆ ಆರು ತಿಂಗಳಲ್ಲಿ ತಿಂಗಳಿಗೆ 12 ಸಾವಿರದಂತೆ 72 ಸಾವಿರ ಉಳಿಯುತ್ತದೆ. ಈಗಿನ ಎರಡೂವರೆ ಲಕ್ಷ, ಗ್ರಾಚ್ಯುಟಿ 75 ಸಾವಿರ ಸೇರಿದರೆ ನಾಲ್ಕು ಲಕ್ಷದ ಹತ್ತಿರ. ನಿಮ್ಮ ಖರ್ಚಿಗೆ ಹತ್ತು ತಿಂಗಳ ಆಧಾರ. ಈಗ ಬಿಟ್ಟರೆ ಆರು ತಿಂಗಳಿಗೇ ಖಾಲಿ. ಫ್ರೀಲಾನ್ಸ್‌ಗೆ ಬಂದವರು ಮತ್ತೆ ಕಡಿಮೆ ಸಂಬಳಕ್ಕೆ ಚಾನೆಲ್ ಬಾಗಿಲು ತಟ್ಟುವುದು ಪ್ರತಿಭೆ ಇಲ್ಲ ಅಂತಲ್ಲ. ಏಳನೇ ತಿಂಗಳು ದುಡ್ಡು ಮುಗಿದಿರುತ್ತದೆ, ಒಂಬತ್ತನೇ ತಿಂಗಳು ಬರಬೇಕಾದ ಪೇಮೆಂಟ್ ಇನ್ನೂ ಬಂದಿರುವುದಿಲ್ಲ, ಅಷ್ಟೇ.

ಪಿಎಫ್ ಮುಟ್ಟಬೇಡಿ. ಸೇವೆ 5 ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಸುಮ್ನೆ ಬಿಟ್ಟರೆ ಅದರ ಪಾಡಿಗೆ ಬಡ್ಡಿ ಬರುತ್ತಿರುತ್ತದೆ. ಮುಂದೆ ಮತ್ತೆ ಎಲ್ಲಾದರೂ ನೌಕರಿಗೆ ಸೇರಿದರೆ ಅದೇ ಯುಎಎನ್ (ನಿಮ್ಮ ಪಿಎಫ್ ನಂಬರ್) ಮುಂದುವರಿಯುತ್ತದೆ. ಪಿಎಫ್ ಜೊತೆಗೆ ಪಿಂಚಣಿ ಯೋಜನೆಯಲ್ಲೂ ನೀವು ಇದ್ದರೆ, ಅದಕ್ಕೆ ಬೇಕಾದ 10 ವರ್ಷದ ಸೇವೆಯ ಲೆಕ್ಕಕ್ಕೂ ಈ ವರ್ಷಗಳು ಸೇರುತ್ತವೆ.

ಅಮ್ಮನ ವಿಮೆ ಇದಕ್ಕಿಂತ ಮುಖ್ಯ. ಆಫೀಸಿನ ಗ್ರೂಪ್ ಪಾಲಿಸಿ ನಿಮ್ಮ ಕೊನೆಯ ದಿನದ ಜೊತೆಗೇ ಮುಗಿಯುತ್ತದೆ. ಆಮೇಲೆ ಹೊಸ ಪಾಲಿಸಿಗೆ ಹೋದರೆ ಮೊದಲೇ ಇರುವ ಸಕ್ಕರೆ ಕಾಯಿಲೆಗೆ ಕಾಯುವ ಅವಧಿ ಹಾಕುತ್ತಾರೆ. ಅದು 3 ವರ್ಷದವರೆಗೂ ಇರಬಹುದು. ಇದಕ್ಕೊಂದು ದಾರಿ ಇದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿದರೆ, ಗ್ರೂಪ್ ಪಾಲಿಸಿಯಲ್ಲಿ ಕಳೆದ ಕಾಲದ ಲಾಭ ಸಿಗುತ್ತದೆ. ಇದನ್ನು ನೌಕರಿಯಲ್ಲಿ ಇರುವಾಗಲೇ ಶುರು ಮಾಡಬೇಕು, ಕೊನೆಯ ವಾರದಲ್ಲಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ, ಅಷ್ಟು ಹಗುರ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ. ಏಜೆಂಟರು ಬರೆಯಬೇಡಿ ಅಂದರೂ ಬರೆಯಿರಿ. ಕ್ಲೇಮ್ ತಿರಸ್ಕಾರ ಆಗುವುದೇ ಅಲ್ಲಿ.

ಈಗ ಕೆಲಸ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ. ನನಗೆ ಇದರ ಬಗ್ಗೆಯೇ ಜಾಸ್ತಿ ಹೇಳಬೇಕಿದೆ.

ಕನ್ನಡದಲ್ಲಿ ಹೆಸರು ಮಾಡಿದ ನಿರೂಪಕರನ್ನು ನೋಡಿ. ಅಪರ್ಣಾ ದೂರದರ್ಶನದಲ್ಲಿ ನಿರೂಪಣೆ ಮಾಡಿದರು. ಸರ್ಕಾರಿ ಸಮಾರಂಭಗಳ ವೇದಿಕೆಯಲ್ಲಿ ಅವರ ದನಿ ಇಲ್ಲದೆ ನಡೆಯದ ಕಾಲವಿತ್ತು. ನಮ್ಮ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳಿದ್ದು ಅವರೇ. ಅಷ್ಟು ಗಂಭೀರ ನಿರೂಪಕಿ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಜನರನ್ನು ನಗಿಸಿದರು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ಮರುಗಿತಲ್ವಾ, ಅಲ್ಲಿ ಯಾವ ಚಾನೆಲ್‌ನ ಹೆಸರೂ ಮುಂದೆ ಇರಲಿಲ್ಲ, ಅವರ ಕನ್ನಡವೇ ಇತ್ತು. ಡಾ. ನಾ. ಸೋಮೇಶ್ವರ ವೃತ್ತಿಯಿಂದ ವೈದ್ಯರು. 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯನ್ನು ಚಂದನದಲ್ಲಿ ನಡೆಸಿಕೊಂಡು ಬಂದು ಮನೆಮಾತಾದರು. ಶೀತಲ್ ಶೆಟ್ಟಿ ನ್ಯೂಸ್ ಆ್ಯಂಕರ್ ಆಗಿದ್ದವರು, ಆಮೇಲೆ ಸಿನಿಮಾ ನಿರ್ದೇಶನಕ್ಕೆ ಹೋದರು. ಗೌರೀಶ್ ಅಕ್ಕಿ ಸುದ್ದಿ ನಿರೂಪಣೆಯಿಂದ ಬಂದು ಸ್ವಂತ ಸ್ಟುಡಿಯೊ, ಮಾಧ್ಯಮ ತರಬೇತಿ ಎರಡನ್ನೂ ಕಟ್ಟಿದರು. ಇವರಲ್ಲಿ ಯಾರೂ ಒಂದೇ ಶೋ ನೆಚ್ಚಿಕೊಂಡವರಲ್ಲ.

ನಿಮಗೂ ಮೂರು ಬೇರೆ ಬೇರೆ ಕಡೆಯ ಕೆಲಸ ಬೇಕು. ಟಿವಿ ಒಂದು. ವೇದಿಕೆ ಇನ್ನೊಂದು. ದನಿ ಮೂರನೆಯದು: ಜಾಹೀರಾತು, ಸಾಕ್ಷ್ಯಚಿತ್ರ, ಡಬ್ಬಿಂಗ್, ಕಂಪನಿಗಳ ತರಬೇತಿ ವಿಡಿಯೊ. ಮೂರೂ ಒಂದೇ ಸಲ ಬತ್ತುವುದಿಲ್ಲ. ಈ ಮೂರರಲ್ಲಿ ಎರಡು ಕಡೆಯವರಾದರೂ ನಿಮ್ಮ ಮೊಬೈಲ್‌ಗೆ ನೇರ ಕರೆ ಮಾಡಿ, ನಿಮ್ಮ ಹೆಸರು ಹಿಡಿದು ಕೇಳುವಂತಾದರೆ ಹೊರಗೆ ಬರುವ ಹೊತ್ತು ಬಂತು ಅಂತ ತಿಳಿಯಿರಿ. ‘ಆ ಚಾನೆಲ್‌ನ ಬೆಳಗಿನ ಆ್ಯಂಕರ್ ಬೇಕಿತ್ತು’ ಅಂತ ಕರೆ ಬಂದರೆ ಅವರಿಗೆ ಬೇಕಿರುವುದು ಲೋಗೊ. ನೀವು ಬಿಟ್ಟ ಮರುದಿನ ಆ ಕುರ್ಚಿಯಲ್ಲಿ ಕೂತವರಿಗೆ ಆ ಕರೆ ಹೋಗುತ್ತದೆ. ಈಗ ಬರುತ್ತಿರುವ ಈವೆಂಟ್ ಕರೆಗಳನ್ನು ಒಪ್ಪಲು ಆಗದಿದ್ದರೂ ಒಂದು ಪಟ್ಟಿ ಇಟ್ಟುಕೊಳ್ಳಿ: ಯಾರು, ಯಾವ ಕಾರ್ಯಕ್ರಮಕ್ಕೆ, ನಿಮ್ಮನ್ನು ಹೇಗೆ ಪರಿಚಯ ಮಾಡಿಕೊಂಡು ಕೇಳಿದರು, ಎಷ್ಟು ಕೊಡುತ್ತೇವೆ ಅಂದರು. ಆರು ತಿಂಗಳಾದ ಮೇಲೆ ಆ ಪಟ್ಟಿ ನನ್ನ ಸಲಹೆಗಿಂತ ಚೆನ್ನಾಗಿ ಉತ್ತರ ಹೇಳುತ್ತದೆ.

ವೇದಿಕೆ ಕೆಲಸಕ್ಕೆ ಒಂದು ಪಂಚಾಂಗ ಇದೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಉದ್ಘಾಟನೆ, ಕಾರು ಬಿಡುಗಡೆ ಕೂಡ ಮುಂದೆ ಹೋಗುತ್ತವೆ. ಪಿತೃಪಕ್ಷದಲ್ಲೂ ಅದೇ ಕಥೆ. ದಸರಾದಿಂದ ಕೆಲಸ ಏರುತ್ತದೆ. ನವೆಂಬರ್ ಅಂತೂ ಇಡೀ ತಿಂಗಳು ರಾಜ್ಯೋತ್ಸವ. ಐಟಿ ಕಂಪನಿ, ಅಪಾರ್ಟ್‌ಮೆಂಟ್ ಸಂಘ, ಆಟೊ ಚಾಲಕರ ಸಂಘ, ಎಲ್ಲರಿಗೂ ನಿರೂಪಕಿ ಬೇಕು. ಅದು ಜನವರಿವರೆಗೂ ಎಳೆಯುತ್ತದೆ. ಆಮೇಲೆ ಉತ್ಸವಗಳು, ಕಾಲೇಜು ವಾರ್ಷಿಕೋತ್ಸವ, ಸಾಹಿತ್ಯ ಸಮ್ಮೇಳನಗಳು. ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂದರೆ ಸರ್ಕಾರಿ ಕಾರ್ಯಕ್ರಮ ಒಂದೇ ಏಟಿಗೆ ನಿಲ್ಲುತ್ತದೆ. ಕ್ರೀಡೆ ಗೊತ್ತಿದ್ದರೆ ಐಪಿಎಲ್, ಪ್ರೊ ಕಬಡ್ಡಿ ಸೀಸನ್‌ನ ಕನ್ನಡ ಪ್ರಸಾರವೂ ಒಂದು ದಾರಿ. ಸ್ಟಾರ್ ಸ್ಪೋರ್ಟ್ಸ್ 2018ರ ಕೊನೆಗೆ ಕನ್ನಡ ಚಾನೆಲ್ ಶುರು ಮಾಡಿದ ಮೇಲೆ ಸೀಸನ್ ಲೆಕ್ಕದ ಕೆಲಸ ಹುಟ್ಟಿಕೊಂಡಿತು. ನವೆಂಬರ್‌ನಲ್ಲಿ ಬಂದ ದುಡ್ಡು ಆಷಾಢಕ್ಕೆ ಉಳಿಯಬೇಕು. ನಿಮ್ಮ ಕೊನೆಯ ದಿನ ಆಷಾಢದ ಹತ್ತಿರ ಬೀಳುವಂತಿದ್ದರೆ ಇನ್ನೊಂದು ತಿಂಗಳು ತಳ್ಳಿ, ಗಣೇಶ ಹಬ್ಬದ ಹೊತ್ತಿಗೆ ಹೊರಬನ್ನಿ.

ವೇದಿಕೆ ಕೆಲಸ ಸ್ಟುಡಿಯೊದ ಹಾಗಲ್ಲ. ಒಂದು ಸಂಜೆ ಹೇಗಿರುತ್ತದೆ ಅಂತ ಹೇಳುತ್ತೇನೆ. ವೈಟ್‌ಫೀಲ್ಡ್‌ನ ಹೋಟೆಲ್‌ನಲ್ಲಿ ಒಂದು ಕಂಪನಿಯ ಡೀಲರ್‌ಗಳ ಸಮಾವೇಶ. ಶುರು ಸಂಜೆ 6ಕ್ಕೆ, ನಿಮಗೆ ರಿಪೋರ್ಟಿಂಗ್ 3ಕ್ಕೆ. ಹಿಂದಿನ ರಾತ್ರಿ 11ಕ್ಕೆ ವಾಟ್ಸಾಪ್‌ನಲ್ಲಿ ಸ್ಕ್ರಿಪ್ಟ್ ಬಂದಿದೆ, ಇಂಗ್ಲಿಷ್‌ನಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸಿ ಕ್ಯೂ ಕಾರ್ಡ್‌ಗೆ ಬರೆದುಕೊಳ್ಳುವುದು ನಿಮ್ಮದೇ ಕೆಲಸ. ಟೆಲಿಪ್ರಾಂಪ್ಟರ್ ಇಲ್ಲ, ಕಿವಿಯಲ್ಲಿ ಸೂಚನೆ ಕೊಡುವ ಪಿಸಿಆರ್ (ಕಂಟ್ರೋಲ್ ರೂಮ್) ಇಲ್ಲ. ಸನ್ಮಾನಿತರ ಪಟ್ಟಿ ಎರಡು ಸಲ ಬದಲಾಗುತ್ತದೆ. ಮುಖ್ಯ ಅತಿಥಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿ ಒಂದೂವರೆ ಗಂಟೆ ತಡ. ಕಲಬುರಗಿಯಿಂದ ಮಂಗಳೂರಿನವರೆಗಿನ ಡೀಲರ್‌ಗಳು ಕಾಫಿ ಕುಡಿದು ಮುಗಿಸಿ ನಿಮ್ಮ ಮುಖ ನೋಡುತ್ತಿದ್ದಾರೆ. ಆ ಒಂದೂವರೆ ಗಂಟೆ ನೀವು ಏನು ಮಾಡುತ್ತೀರಿ ಅನ್ನುವುದಕ್ಕೇ ಅವರು ದುಡ್ಡು ಕೊಡುವುದು. ನೀವು ದಾವಣಗೆರೆಯವರು. ಆ ಕಡೆಯ ಮಾತಿನ ಸೊಗಸನ್ನು ಬುಲೆಟಿನ್‌ನಲ್ಲಿ ಅದುಮಿಟ್ಟಿರುತ್ತೀರಿ. ವೇದಿಕೆಯಲ್ಲಿ ಅದನ್ನು ಬಿಚ್ಚಿ. ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಯ ಕಾರ್ಯಕ್ರಮಗಳಿಗೆ ಬೆಂಗಳೂರಿನ ಕನ್ನಡ ಮಾತ್ರ ಬರುವವರಿಗಿಂತ ನಿಮಗೆ ಬೆಲೆ ಇದೆ.

ವೇದಿಕೆ ಹತ್ತುವ ಮೊದಲು ಪ್ರತಿಯೊಬ್ಬರ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಸನ್ಮಾನದ ಹೊತ್ತಿಗೆ ಹೆಸರು ತಪ್ಪಿದರೆ ಉಳಿದ ಮೂರು ಗಂಟೆಯ ಶ್ರಮ ಯಾರಿಗೂ ನೆನಪಿರುವುದಿಲ್ಲ.

ದೂರದರ್ಶನ, ಆಕಾಶವಾಣಿಯನ್ನು ಮರೆಯಬೇಡಿ. ನಮ್ಮಲ್ಲಿ ಬಿಡಿ ನಿರೂಪಣೆಯ ಅತ್ಯಂತ ಹಳೆಯ ಬಾಗಿಲು ಅದು. ಬೆಂಗಳೂರು ದೂರದರ್ಶನ ಕೇಂದ್ರ 1981ರಿಂದ ಇದೆ. ಕ್ಯಾಶುಯಲ್ ವಾರ್ತಾವಾಚಕರ ಪ್ಯಾನೆಲ್‌ಗೆ ಆಡಿಷನ್ ಕರೆದಾಗ ಹೋಗಿ. ತಿಂಗಳಿಗೆ ಸಿಗುವ ದಿನ ಕಡಿಮೆ, ಅದೊಂದರಿಂದ ಮನೆ ನಡೆಯುವುದಿಲ್ಲ. ಆದರೆ ಆ ಪ್ಯಾನೆಲ್‌ನಲ್ಲಿ ಇದ್ದೀರಿ ಅಂದರೆ ಸರ್ಕಾರಿ ಕಾರ್ಯಕ್ರಮದವರು ನಿಮ್ಮ ಕನ್ನಡದ ಬಗ್ಗೆ ಎರಡನೇ ಪ್ರಶ್ನೆ ಕೇಳುವುದಿಲ್ಲ. ಅಮೆರಿಕದ ಕನ್ನಡ ಸಂಘಟನೆಗಳಾದ ‘ಅಕ್ಕ’, ‘ನಾವಿಕ’ದ ಸಮ್ಮೇಳನ, ಕೊಲ್ಲಿ ದೇಶಗಳ ಕನ್ನಡ ಸಂಘಗಳ ಕರೆ ಬರಬಹುದು. ಅವನ್ನು ಪರಿಚಯದ ಲೆಕ್ಕಕ್ಕೆ ಇಡಿ, ವರ್ಷದ ಆದಾಯದ ಲೆಕ್ಕಕ್ಕೆ ಸೇರಿಸಬೇಡಿ.

ಬುಲೆಟಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಚಾನೆಲ್ ಕೆಲಸ ಭದ್ರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. 2023ರ ಜುಲೈನಲ್ಲಿ ಕನ್ನಡದ ಪವರ್ ಟಿವಿ ‘ಸೌಂದರ್ಯ’ ಅನ್ನುವ ಎಐ ನಿರೂಪಕಿಯನ್ನು ತೆರೆಗೆ ತಂದಿತು. 2024ರ ಮೇನಲ್ಲಿ ಡಿಡಿ ಕಿಸಾನ್ ಕೂಡ ಅಂಥ ಇಬ್ಬರನ್ನು ತಂದಿತು. ಬರೆದಿದ್ದನ್ನು ತಪ್ಪಿಲ್ಲದೆ ಓದುವ ಕೆಲಸಕ್ಕೆ ಮುಂದೆ ಇಷ್ಟೇ ಜನ ಬೇಕಾಗುತ್ತಾರೆ ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಫೋನ್-ಇನ್ ಕಾರ್ಯಕ್ರಮ ಮಾತ್ರ ಬೇರೆ. ಹಾವೇರಿಯಿಂದ ಕರೆ ಮಾಡಿದ ಅಜ್ಜಿಯೊಬ್ಬರು ಡಾಕ್ಟರ ಮುಂದೆ ಹೇಳಲು ನಾಚುತ್ತಿದ್ದಾಗ ಅವರ ಬಾಯಿ ಬಿಡಿಸುವುದು ಕಲಿತ ವಿದ್ಯೆ. ನಿಮ್ಮ ಶೋರೀಲ್‌ನಲ್ಲಿ, ಅಂದರೆ ಕೆಲಸ ಕೊಡುವವರಿಗೆ ತೋರಿಸುವ ತುಣುಕುಗಳ ವಿಡಿಯೊದಲ್ಲಿ, ಮೊದಲು ಇರಬೇಕಾದದ್ದು ಅಂಥ ಮಾತುಕತೆ, ಬ್ರೇಕಿಂಗ್ ನ್ಯೂಸ್ ಓದಿದ್ದಲ್ಲ.

ಶೋರೀಲ್‌ಗೆ ಚಾನೆಲ್‌ನ ಕ್ಲಿಪ್ ಬಳಸುವ ಮೊದಲು ಅನುಮತಿ ಕೇಳಿ. ನೌಕರಿಯಲ್ಲಿದ್ದಾಗ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದು. ಇಲ್ಲವೇ ಎರಡು ನಿಮಿಷದ್ದು ಹೊಸದಾಗಿ ಶೂಟ್ ಮಾಡಿಸಿ. ಒಂದು ಸಂದರ್ಶನದ ತುಣುಕು, ಒಂದು ವೇದಿಕೆ, ಒಂದು ದನಿ ಸಾಕು. ಸ್ವಂತ ಯೂಟ್ಯೂಬ್ ಚಾನೆಲ್ ಮಾಡುವ ಆಸೆ ಇದ್ದರೆ ಮಾಡಿ. ಜಾಹೀರಾತಿನ ಆದಾಯ ಶುರುವಾಗಲು 1,000 ಚಂದಾದಾರರ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಮೊದಲ ವರ್ಷದ ಮನೆ ಖರ್ಚಿಗೆ ಅದನ್ನು ನಂಬಬೇಡಿ.

ನೇಮಕಾತಿ ಪತ್ರ ಹುಡುಕಿ ಓದಿ. ಕೆಲಸದಲ್ಲಿ ಇರುವಾಗ ಹೊರಗೆ ದುಡಿಯಬಾರದು ಅನ್ನುವ ಷರತ್ತಿಗೆ ಕಾನೂನಿನ ಬಲ ಇದೆ. ಅದನ್ನು ಮುರಿಯಬೇಡಿ, ಹೆಸರು ಬದಲಿಸಿ ಈವೆಂಟ್ ಮಾಡುವುದೂ ಬೇಡ. ಬಿಟ್ಟ ಮೇಲೆ ಒಂದು ವರ್ಷ ಬೇರೆ ಚಾನೆಲ್‌ನಲ್ಲಿ ಕಾಣಿಸಿಕೊಳ್ಳಬಾರದು ಅಂತ ಬರೆದಿದ್ದರೆ ಅದರ ಕಥೆ ಬೇರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬರ ದುಡಿಮೆಗೆ ಅಡ್ಡಿ ಮಾಡುವ ಒಪ್ಪಂದ ಊರ್ಜಿತವಲ್ಲ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಮ್ಯಾನೇಜ್‌ಮೆಂಟ್ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಎತ್ತಿಹಿಡಿಯಿತು: ಒಪ್ಪಂದದ ಅವಧಿ ಮುಗಿದ ಮೇಲೂ ಕಟ್ಟಿಹಾಕುವ ಷರತ್ತು ನಿಲ್ಲುವುದಿಲ್ಲ. ಇಷ್ಟು ಕಾಲ ಬಿಡುವುದಿಲ್ಲ ಅಂತ ಬಾಂಡ್ ಬರೆದುಕೊಟ್ಟಿದ್ದರೆ, ಇಲ್ಲವೇ ನೋಟಿಸ್ ಕೊಡದೆ ಹೋದರೆ ಮಾತ್ರ ದುಡ್ಡು ಕೇಳಬಹುದು. ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ.

ದುಡ್ಡು ವಸೂಲಿ ಈ ಕೆಲಸದ ಅತಿ ಕಷ್ಟದ ಭಾಗ. ಊರು ದೊಡ್ಡದು, ಕ್ಷೇತ್ರ ಚಿಕ್ಕದು, ಜಗಳ ಮಾಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಮೊದಲೇ ಕಾಗದ ಸರಿ ಇರಲಿ. ಈವೆಂಟ್‌ಗೆ ಅರ್ಧ ಮುಂಗಡ, ಉಳಿದರ್ಧ ವೇದಿಕೆ ಹತ್ತುವ ಮೊದಲು. ಕಾರ್ಯಕ್ರಮಕ್ಕೆ 48 ಗಂಟೆಗಿಂತ ಕಡಿಮೆ ಇರುವಾಗ ರದ್ದಾದರೆ ಮುಂಗಡ ವಾಪಸ್ ಇಲ್ಲ. ಇಷ್ಟನ್ನು ಮೂರು ಸಾಲಿನ ಮೇಲ್‌ನಲ್ಲಿ ಬರೆದು ಅವರಿಂದ ‘ಓಕೆ’ ಅನಿಸಿಕೊಳ್ಳಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಆನ್‌ಲೈನ್‌ನಲ್ಲಿ ಉಚಿತ. ಆ ನಂಬರ್ ಇನ್‌ವಾಯ್ಸ್ ಮೇಲೆ ಇರಲಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೀವು ದೂರು ಕೊಡುವವರೆಗೆ ಹೋಗಬೇಕಿಲ್ಲ. ಆ ನಂಬರ್ ಕಂಡ ಅಕೌಂಟ್ಸ್ ವಿಭಾಗದವರು ನಿಮ್ಮ ಬಿಲ್ ಅನ್ನು ಮೇಲಕ್ಕೆ ಇಡುತ್ತಾರೆ.

ತೆರಿಗೆ ಸರಳ. ನಿಮ್ಮ ಬಿಲ್‌ನಲ್ಲಿ ಸಾಮಾನ್ಯವಾಗಿ 10% ಟಿಡಿಎಸ್ (ಪೇಮೆಂಟ್ ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿಯುತ್ತಾರೆ. ವರ್ಷಕ್ಕೆ 9 ಲಕ್ಷದ ಬಿಲ್‌ಗೆ 90 ಸಾವಿರ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಆದರೆ ಅಲ್ಲಿವರೆಗೆ ಆ ದುಡ್ಡು ಕೈಯಲ್ಲಿ ಇರುವುದಿಲ್ಲ. ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಬೇಕಿಲ್ಲ. ಉಳಿದದ್ದಕ್ಕೆ ಒಬ್ಬ ಆಡಿಟರ್ ಹಿಡಿಯಿರಿ.

ಆರೋಗ್ಯ ಕಾರ್ಯಕ್ರಮ ಮಾಡಿದವರಾದ್ದರಿಂದ ನಿಮಗೆ ಬೇಗ ಬರುವ, ಜಾಸ್ತಿ ದುಡ್ಡಿನ ಆಫರ್ ಯಾವುದು ಗೊತ್ತಾ? ಮಂಡಿನೋವಿನ ಎಣ್ಣೆ, ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಮಾಡುವ ಪುಡಿ, ಹೇಳಹೆಸರಿಲ್ಲದ ಲೇಔಟ್‌ನ ಸೈಟು. ಅರ್ಧ ಗಂಟೆಯ ಪ್ರಾಯೋಜಿತ ಕಾರ್ಯಕ್ರಮ, ನೋಡಲು ಥೇಟ್ ನಿಮ್ಮ ಫೋನ್-ಇನ್ ತರಹವೇ. ದಯವಿಟ್ಟು ಬೇಡ ಅನ್ನಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೂ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ದಂಡಕ್ಕಿಂತ ನನಗೆ ಬೇಸರ ತರುವುದು ಬೇರೆ. ಇಷ್ಟು ವರ್ಷ ನಿಮ್ಮ ಮಾತು ನಂಬಿ ಕರೆ ಮಾಡಿದವರೇ ಆ ಪುಡಿ ನಂಬಿ ಇನ್ಸುಲಿನ್ ನಿಲ್ಲಿಸುತ್ತಾರೆ. ನಿಮ್ಮ ಅಮ್ಮನಿಗೂ ಇರುವುದು ಅದೇ ಕಾಯಿಲೆ.

ಈಗ ಪ್ರೊಡಕ್ಷನ್ ಹೌಸ್‌ಗೆ ಉತ್ತರ. ತಿಂಗಳ ಕೊನೆವರೆಗೆ ಕಾಯಿಸಬೇಡಿ, ಈ ವಾರವೇ ಬರೆಯಿರಿ. ಮೊದಲು ನಿಮ್ಮ ಎಚ್‌ಆರ್‌ಗೆ ಕೇಳಿ: ಸುದ್ದಿಗೆ ಸಂಬಂಧವಿಲ್ಲದ ಅಡುಗೆ ಶೋ, ಏಳು ದಿನ ರಜೆ ಹಾಕಿ ಮಾಡಲು ಲಿಖಿತ ಅನುಮತಿ ಕೊಡುತ್ತೀರಾ ಅಂತ. ಕೊಡುವ ಸಾಧ್ಯತೆ ಕಡಿಮೆ, ಆದರೂ ಕೇಳಿದ್ದು ದಾಖಲೆಯಲ್ಲಿ ಇರುತ್ತದೆ. ಆಗುವುದಿಲ್ಲ ಅಂದರೆ ಪ್ರೊಡಕ್ಷನ್ ಹೌಸ್‌ಗೆ ಹೀಗೆ ಬರೆಯಬಹುದು:

“ನಮಸ್ಕಾರ. ನಿಮ್ಮ ಶೋ ಮಾಡುವ ಆಸಕ್ತಿ ನನಗಿದೆ. ಈಗಿನ ಒಪ್ಪಂದದ ಪ್ರಕಾರ ಆರು ತಿಂಗಳವರೆಗೆ ನಾನು ಹೊರಗೆ ಕೆಲಸ ಮಾಡುವಂತಿಲ್ಲ. ಅದಾದ ಮೇಲೆ ಶೂಟಿಂಗ್‌ಗೆ ತಿಂಗಳಿಗೆ ಎಂಟು ದಿನದವರೆಗೆ ಡೇಟ್ ಕೊಡಬಲ್ಲೆ. ಒಂದು ಕಾಲ್‌ಶೀಟ್‌ನಲ್ಲಿ ಎಷ್ಟು ಎಪಿಸೋಡ್, ಪೇಮೆಂಟ್ ಶೂಟ್ ಆದ ಎಷ್ಟು ದಿನಕ್ಕೆ, ಮಧ್ಯದಲ್ಲಿ ನಿಂತರೆ ಶೂಟ್ ಆದ ಎಪಿಸೋಡ್‌ಗಳ ಪೇಮೆಂಟ್ ಹೇಗೆ ಅನ್ನುವುದನ್ನು ದಯವಿಟ್ಟು ತಿಳಿಸಿ. ಈ ಶೋ ಅಷ್ಟು ಕಾಯಲು ಆಗದಿದ್ದರೆ ಮುಂದಿನದಕ್ಕೆ ನನ್ನನ್ನು ನೆನಪಿಡಿ.”

ಅವರು ಕಾಯದಿದ್ದರೆ 1,56,000 ರೂಪಾಯಿಯ ಒಂದು ಕೆಲಸ ತಪ್ಪುತ್ತದೆ. ಅಡುಗೆ ಶೋಗಳು ಮುಂದೆಯೂ ಬರುತ್ತವೆ. ಅದಕ್ಕಿಂತ ಮೊದಲು, ನಾಳೆ ಬುಲೆಟಿನ್ ಮುಗಿದ ಮೇಲೆ ಎಚ್‌ಆರ್‌ ಹತ್ತಿರ ಹೋಗಿ ನೀವು ಕೆಲಸಕ್ಕೆ ಸೇರಿದ ದಿನಾಂಕ, ವಿಮಾ ಕಂಪನಿಯ ಹೆಸರು ಎರಡನ್ನೂ ಬರೆದುಕೊಂಡು ಬನ್ನಿ.